ಮೂತಿಯಲ್ಲಿ ಜೋಳದ ಚೀಲ

ಮಂಗಳವಾರ ಬೆಳಗಾಗುವಷ್ಟರಲ್ಲಿ ಜೋಳದ ಚೀಲ ಮಾಯವಾಗಿತ್ತು. ಐವತ್ತು ಕಿಲೋದ ತುಂಬಿದ ಚೀಲ, ಇಲಿ ಎಳೆದುಕೊಂಡು ಹೋಗುವಂಥದ್ದಲ್ಲ. ಶಿವದೇವಿ ಅಡುಗೆಮನೆಯ ಮೂಲೆಯನ್ನು ಎರಡು ಸಲ ನೋಡಿದಳು, ಮಂಚದ ಕೆಳಗೆ ಬಗ್ಗಿ ನೋಡಿದಳು. ಇದು ಯಾರ ಕೆಲಸ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆರು ವರ್ಷದಿಂದ ಆ ಮನೆಯಲ್ಲಿ ಏನು ಕಾಣೆಯಾದರೂ ಹೋಗಿ ಸೇರುತ್ತಿದ್ದದ್ದು ಒಂದೇ ಜಾಗಕ್ಕೆ. ಇಸ್ತ್ರಿಪೆಟ್ಟಿಗೆ ಹೋಗಿತ್ತು. ತವರಿನವರು ಕೊಟ್ಟ ಹಿತ್ತಾಳೆಯ ಪರಾತ ಹೋಗಿ, ಅಂಟು ಕಲಸುವ ಪಾತ್ರೆಯಾಗಿ ಹಿಂದಿರುಗಿತ್ತು. ಈಗ ಜೋಳ. ವಿಮಾನವೂ ರೊಟ್ಟಿ ತಿನ್ನಲು ಶುರುಮಾಡಿತೇನು ಎಂದು ಗೊಣಗುತ್ತ ಅವಳು ಹಿತ್ತಲಿನ ಶೆಡ್ಡಿನ ಕಡೆ ನಡೆದಳು.

ವಿಮಾನ ಎಂದರೆ ನಿಜವಾದ ವಿಮಾನವೇ. ಅವಳ ಗಂಡ ವೈಜನಾಥ ಸಿಕಂದರಾಬಾದಿನ ಬಳಿಯ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ವಿಮಾನದ ಉಪಕರಣಗಳನ್ನು ಜೋಡಿಸಿದವನು. ಬೇರೆಯವರ ವಿಮಾನಕ್ಕೆ ಮುಳ್ಳು, ಮೀಟರು ಜೋಡಿಸಿ ಜೋಡಿಸಿ ಬೇಸತ್ತು, ತನ್ನದೇ ಒಂದನ್ನು ಕಟ್ಟತೊಡಗಿದ್ದ. ಅದೂ ಪಂದ್ಯದಲ್ಲಿ ಹಾರಿಸುವ, ಒಬ್ಬನೇ ಕೂರುವ ಪುಟ್ಟ ವಿಮಾನ. ಕಟ್ಟುವುದಾದರೆ ಕಟ್ಟಲಿ, ನಾಲ್ಕು ಜನ ಕಟ್ಟುವ ಹಾಗೆ ಕಟ್ಟಬಾರದೆ? ಇದಕ್ಕೆ ದೊಡ್ಡ ರೆಕ್ಕೆ ಹಿಂದೆ, ಸಣ್ಣ ರೆಕ್ಕೆ ಮುಂದೆ ಮೂತಿಯ ಹತ್ತಿರ, ಎಂಜಿನ್ನು ಕೂರುವವನ ಬೆನ್ನ ಹಿಂದೆ, ಅದಕ್ಕೂ ಹಿಂದೆ ಮರದ ಪಂಖ. ನೋಡಿದವರೆಲ್ಲ ಮೊದಲು ಕೇಳುತ್ತಿದ್ದದ್ದು, ಇದು ಯಾವ ಕಡೆಗೆ ಹೋಗುತ್ತದೆ ಎಂದು. ವೈಜನಾಥ ಸಿಕ್ಕಿದವರಿಗೆಲ್ಲ ವಿವರಿಸುತ್ತಿದ್ದ. ಯಾರೂ ಸಿಗದಿದ್ದರೆ ಊಟಕ್ಕೆ ಕೂತಾಗ ಹೆಂಡತಿಗೆ ವಿವರಿಸುತ್ತಿದ್ದ. ತಟ್ಟೆಯಲ್ಲಿ ರೊಟ್ಟಿಯ ಚೂರುಗಳನ್ನು ಹಿಂದೆ ಮುಂದೆ ಇಟ್ಟು ತೋರಿಸುತ್ತಿದ್ದ. "ಸುಮ್ಮನ ಉಣ್ರಿ" ಎನ್ನುವುದು ಅವಳ ಉತ್ತರ. ಆರು ವರ್ಷ ಅದೇ ಮಾತು, ಅದೇ ಉತ್ತರ.

ಪರವಾನಗಿ ಕೊಡುವ ಕಚೇರಿಯಿಂದ ಹೋದ ವರ್ಷ ಒಬ್ಬ ಅಧಿಕಾರಿ ಬಂದಿದ್ದ. ಶೆಡ್ಡಿನ ಬಾಗಿಲಲ್ಲೇ ನಿಂತು ನೋಡಿ ಹೋದ. ತಿಂಗಳಾದ ಮೇಲೆ ಪತ್ರ ಬಂತು: ಸದರಿ ವಿಮಾನಕ್ಕೆ ಬಾಲ ಕಂಡುಬರುವುದಿಲ್ಲ, ಅರ್ಜಿದಾರರು ಬಾಲ ಅಳವಡಿಸಿ ಮರು ಅರ್ಜಿ ಸಲ್ಲಿಸತಕ್ಕದ್ದು. ವೈಜನಾಥ ಆ ಪತ್ರವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಈಗ ನರಹರಿ ಎಂಬ ಬೇರೆ ಅಧಿಕಾರಿ ಇವತ್ತು ಹನ್ನೊಂದು ಗಂಟೆಗೆ ಬರುವವರಿದ್ದರು. ಅವರು ಸಹಿ ಹಾಕಿದರೆ ಫ್ಲೈಯಿಂಗ್ ಕ್ಲಬ್ಬಿನವರು ಹ್ಯಾಂಗರಿನಲ್ಲಿ ಜಾಗ ಕೊಡುತ್ತಾರೆ, ಫೆಬ್ರವರಿಯ ಪಂದ್ಯಕ್ಕೆ ಹೆಸರು ಕೊಡಬಹುದು. ಹಾಕದಿದ್ದರೆ ಅಲ್ಲಿಗೆ ಮುಗಿಯಿತು. ಶೆಡ್ಡಿನ ಮಾಲೀಕ ಜಾಗವನ್ನು ಕಂಪ್ಯೂಟರ್ ಕಂಪನಿಯೊಂದಕ್ಕೆ ಮಾರಿಯಾಗಿತ್ತು. ತಿಂಗಳ ಕೊನೆಗೆ ಶೆಡ್ಡು ನೆಲಸಮ, ವಿಮಾನ ಗುಜರಿಗೆ.

ವೈಜನಾಥ ಎಂಟು ಗಂಟೆಗೇ ಅಧಿಕಾರಿಯನ್ನು ಕರೆತರಲು ನಾಂಪಲ್ಲಿ ಸ್ಟೇಷನ್ನಿಗೆ ಹೋಗಿದ್ದ. ಬಂದವರಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಬೇಕೆಂಬುದು ಶಿವದೇವಿಯ ಹಟ. ಇಲ್ಲ ಎನ್ನಲು ಬಂದವರೂ ಉಂಡೇ ಇಲ್ಲ ಎನ್ನಲಿ. ಆದರೆ ಹಿಟ್ಟು ಮುಗಿದಿತ್ತು, ಮೂಲೆಯ ಗಿರಣಿಯವನು ಜೋಳ ಬೀಸುವುದು ವಾರಕ್ಕೊಮ್ಮೆ, ಮಂಗಳವಾರ ಮಾತ್ರ, ಅದೂ ಹತ್ತು ಗಂಟೆಯವರೆಗೆ. ಆಮೇಲೆ ಗೋಧಿ ಹಾಕಿಬಿಡುತ್ತಾನೆ.

ಶೆಡ್ಡಿನಲ್ಲಿ ವಿಮಾನ ಎಂದೂ ಇಲ್ಲದಂತೆ ನೆಟ್ಟಗೆ ನಿಂತಿತ್ತು. ಅದರ ಮೂತಿಯನ್ನು ನೆಲದ ಕಬ್ಬಿಣದ ಬಳೆಗೆ ಎಮ್ಮೆ ಕಟ್ಟಿದಂತೆ ಕಟ್ಟಿರುತ್ತಿದ್ದ ಹಗ್ಗ ಇವತ್ತು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮೂತಿಯ ಮುಚ್ಚಳ ತೆಗೆದಳು. ಒಳಗೆ ಹಾಯಾಗಿ ಕೂತಿತ್ತು ಜೋಳ.

"ಹೇಳದ ಕೇಳದ ತಂದು ಇಲ್ಲಿ ತುರುಕ್ಯಾರ ನೋಡು!" ಎಂದು ಸೆರಗು ಬಿಗಿದು, ಚೀಲದ ಕಿವಿ ಹಿಡಿದು ಎಳೆದಳು. ಮೂರನೆಯ ಎಳೆತಕ್ಕೆ ಚೀಲ ಅಂಚಿನ ಮೇಲಿಂದ ಜಾರಿ ಧೊಪ್ಪನೆ ನೆಲಕ್ಕೆ ಬಿತ್ತು. ಮರುಕ್ಷಣ ಮೂತಿ ಮೆಲ್ಲಗೆ ಮೇಲೇಳತೊಡಗಿತು. ಅವಳು ಪಂಖದ ಕಡೆ ನೋಡಿದಳು. ವಿಮಾನ ಹಿಂದಕ್ಕೆ ಕುಕ್ಕರಿಸುತ್ತಿತ್ತು. ಪಂಖದ ತುದಿಗೂ ನೆಲಕ್ಕೂ ಒಂದು ಗೇಣು ಅಂತರ. ನಾಲ್ಕು ತಿಂಗಳು ಕೂತು ಕೈಯಿಂದ ಕೆತ್ತಿದ ಪಂಖ.

ಯೋಚನೆ ಮಾಡಿದ್ದರೆ ತಡವಾಗುತ್ತಿತ್ತು. ಅವಳು ಯೋಚಿಸಲಿಲ್ಲ. ನೆಗೆದು ಮೂತಿಯ ಮೇಲೆ ಬೋರಲಾಗಿ ಬಿದ್ದಳು. ಮೂತಿ ಕೆಳಗಿಳಿದು ನಿಂತಿತು. ಅವಳ ಕಾಲು ನೆಲ ಬಿಟ್ಟಿದ್ದವು. ಕೈ ಚಾಚಿದರೆ ಚೀಲ ಸಿಗುತ್ತಿರಲಿಲ್ಲ, ಹಗ್ಗವಂತೂ ದೂರದ ಮಾತು. ಇಳಿದರೆ ಮೂತಿ ಏಳುತ್ತದೆ. ಗಂಡ ಯಾಕೆ ಜೋಳ ತಂದಿಟ್ಟಿದ್ದ ಎಂಬುದು ಆಗ ಹೊಳೆಯಿತು. ವಿಮಾನವನ್ನು ಹಗ್ಗದಲ್ಲಿ ಕಟ್ಟಿಹಾಕಿದ್ದನ್ನು ಅಧಿಕಾರಿ ನೋಡಬಾರದು ಎಂದು. ಹೊಳೆದದ್ದೇ ತಡ, ಸಿಟ್ಟು ನೆತ್ತಿಗೇರಿತು. ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಮೊದಲು ಬಂದವನು ಪಕ್ಕದ ಲೇತ್ ಅಂಗಡಿಯ ಚನ್ನಬಸಪ್ಪ. ಬಾಗಿಲಲ್ಲಿ ನಿಂತು ಬಾಯಿ ತೆರೆದ.

"ಏನ್ರಿ ಅಕ್ಕಾರ, ಹಾರಾಕ ಹೊಂಟೀರೇನು?"

"ಅಣ್ಣಾ, ಆ ಚೀಲ ಎತ್ತಿ ಇದರೊಳಗ ಇಡ್ರಿ. ಜಲ್ದಿ."

ಚನ್ನಬಸಪ್ಪ ಚೀಲವನ್ನು ನೋಡಿದ, ವಿಮಾನವನ್ನು ನೋಡಿದ, ಗಡ್ಡ ಕೆರೆದುಕೊಂಡ. "ನಾ ಮೊದಲೇ ಹೇಳಿದ್ದೆ ವೈಜಣ್ಣಗ. ಎಂಜಿನ್ನ ಮುಂದ ಇಡು ಅಂತ. ಹಿಂದ ಇಟ್ರ ಹಿಂದ ಭಾರ ಆಗೂದ. ನಾಯಿಗೆ ಎಂದಾದರೂ ಬಾಲದಾಗ ತಲಿ ಇರತೈತೇನು?"

"ಅಣ್ಣಾ, ಚೀಲ!"

"ನನ್ನ ನಡಾ ಹಿಡಕೊಂಡೈತಿ ಅಕ್ಕಾರ, ಡಾಕ್ಟರು ಭಾರ ಎತ್ತಬ್ಯಾಡ ಅಂದಾರ. ಹುಡುಗರನ್ನ ಕಳಸ್ತೀನಿ." ಅವನು ಹೋದ. ಹುಡುಗರು ಬರಲಿಲ್ಲ.

ಎರಡನೆಯವನು ಮೈದುನನ ಮಗ ಚೇತನಕುಮಾರ. ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ತಿಂಗಳಾಗಿತ್ತು, ಅಷ್ಟರಲ್ಲೇ ಕೊರಳಿನ ಗುರುತಿನ ಚೀಟಿ ರಜಾ ದಿನವೂ ಇಳಿಯುತ್ತಿರಲಿಲ್ಲ. ದೊಡ್ಡಪ್ಪನ ದೊಡ್ಡ ದಿನ ಎಂದು ನೋಡಲು ಬಂದಿದ್ದ.

"ದೊಡ್ಡವ್ವ, ನೀ ಹಿಂಗ ಮಲಗಿದ್ದು ನೋಡಿದ್ರ ಗೊತ್ತಾಗತೈತಿ. ಡಿಸೈನ್‌ನ್ಯಾಗ ಬಗ್ ಐತಿ."

"ಬಗ್ಗು ನೀನು! ಬಗ್ಗಿ ಆ ಚೀಲ ಎತ್ತು!"

ಚೇತನ ತನ್ನ ಬಿಳಿ ಅಂಗಿಯನ್ನೂ ಚೀಲದ ಧೂಳನ್ನೂ ನೋಡಿದ. ಎರಡು ಕೈ ಹಾಕಿದ, ಮೊಣಕಾಲಿನವರೆಗೆ ಎತ್ತಿದ, ಬಿಟ್ಟ. ಅಷ್ಟರಲ್ಲಿ ಮೊಬೈಲು ಕೂಗಿತು. ಸಿಗ್ನಲ್ ಸಿಗುತ್ತಿಲ್ಲ ಎನ್ನುತ್ತ, "ಹಲೋ, ಹಲೋ" ಎಂದು ಕೂಗುತ್ತ ರಸ್ತೆಗೆ ಹೋದವನು ರಸ್ತೆಯಲ್ಲೇ ಉಳಿದ. ಹಗ್ಗವನ್ನಾದರೂ ಎಸೆದು ಹೋಗು ಎಂದು ಅವಳು ಕೂಗಿದ್ದು ಅವನಿಗೆ ಕೇಳಲಿಲ್ಲ. ಅತ್ತ ಗಿರಣಿಯ ಸದ್ದು ನಿಂತಿತು. ಜೋಳದ ಹೊತ್ತು ಮುಗಿಯಿತು.

ತೋಳು ಮರಗಟ್ಟಿದ್ದವು. ಅಂಚು ಪಕ್ಕೆಲುಬಿಗೆ ಒತ್ತುತ್ತಿತ್ತು. ಶಿವದೇವಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಈ ಆರು ವರ್ಷದಲ್ಲಿ ಎಷ್ಟು ಸಲ ದೇವರ ಮುಂದೆ ನಿಂತು, ಇದೊಂದು ಮುರಿದುಹೋಗಲಿ, ನನ್ನ ಗಂಡ ನನಗೆ ಸಿಗಲಿ ಎಂದು ಬೇಡಿಕೊಂಡಿರಲಿಲ್ಲ? ಇವತ್ತು ದೇವರು ಮುರಿಯಲು ಬಂದಾಗ ತಾನೇ ಅಡ್ಡ ಬಿದ್ದಿದ್ದಳು. ಯಾಕೆ ಎಂದು ಅವಳಿಗೇ ತಿಳಿಯಲಿಲ್ಲ.

"ಏಮಮ್ಮಾ, ವೈಜನಾಥ್ ಗಾರು ಉನ್ನಾರಾ?"

ಬಾಗಿಲಲ್ಲಿ ಐವತ್ತು ದಾಟಿದ ಒಬ್ಬರು ಕೈಯಲ್ಲಿ ಫೈಲು ಹಿಡಿದು ನಿಂತಿದ್ದರು. ತೆಲುಗಿನಲ್ಲಿ ಉತ್ತರ ಜೋಡಿಸುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ. "ನಿಮ್ಮನ್ನ ಕರ್ಕೊಂಡ ಬರಾಕ ನಾಂಪಲ್ಲಿಗೆ ಹೋಗ್ಯಾರ್ರೀ," ಎಂದು ಕನ್ನಡದಲ್ಲೇ ನರಳಿದಳು.

"ಅಯ್ಯ, ನಮ್ಮ ಕಡೆಯವ್ರೇನ್ರಿ ನೀವು?" ಅವರ ಮುಖ ಅರಳಿತು. "ನಾನು ನರಹರಿ, ರಾಯಚೂರಿನವ. ಸಿಕಂದರಾಬಾದಿನ್ಯಾಗ ಇಳದು ಆಟೋ ಹಿಡದು ಬಂದೆ." ಕನ್ನಡಕ ಸರಿಮಾಡಿಕೊಂಡು ವಿಮಾನದ ಸುತ್ತ ಒಂದು ಸುತ್ತು ಹಾಕಿದರು, ಫೈಲು ತೆರೆದರು. "ಹಿಂದಿನ ವರದಿಯೊಳಗ ಒಂದು ಆಕ್ಷೇಪಣೆ ಐತಿ. ಬಾಲ ಎಲ್ಲೈತ್ರಿ ಇದಕ್ಕ?"

ಶಿವದೇವಿಯ ತಾಳ್ಮೆಯ ಕಟ್ಟೆ ಒಡೆಯಿತು.

"ಬಾಲ ಮುಂದೈತ್ರಿ! ನನ್ನ ಹೊಟ್ಟಿ ಹತ್ರ ಐತಿ, ಈ ಸಣ್ಣ ರೆಕ್ಕಿ! ನಿಮ್ಮ ಬಾಕಿ ವಿಮಾನದಾಗ ಬಾಲ ಏನ ಮಾಡತೈತಿ? ಹಿಂದ ಕುಂತು ಕೆಳಗ ಒತ್ತತೈತಿ. ದೊಡ್ಡ ರೆಕ್ಕಿ ಪಾಪ ವಿಮಾನದ ಭಾರನೂ ಹೊರಬೇಕು, ಬಾಲದ ಒತ್ತಡನೂ ಹೊರಬೇಕು. ಇದರಾಗ ಹಂಗಿಲ್ಲ. ಮುಂದಿನದೂ ಎತ್ತತೈತಿ, ಹಿಂದಿನದೂ ಎತ್ತತೈತಿ. ಇಬ್ಬರೂ ಹೊರಾವ್ರೇ. ಮೂತಿ ಅತೀ ಮ್ಯಾಲೆದ್ರ ಸಣ್ಣ ರೆಕ್ಕಿ ಮೊದಲು ಸೋಲತೈತಿ, ಮೂತಿ ತಾನ ಕೆಳಗ ಬರತೈತಿ, ದೊಡ್ಡ ರೆಕ್ಕಿಗೆ ಸೋಲಾಕ ಬಿಡಂಗಿಲ್ಲ. ಹಾರಸಾವ್ರು ಕುಂತ್ರ ಅವರ ತೂಕಕ್ಕ ಸರಿ ನಿಂದರತೈತಿ. ಈಗ ಯಾರೂ ಕುಂತಿಲ್ಲ, ಅದಕ್ಕ ಜ್ವಾಳ ಇಟ್ಟಿದ್ರು. ಜ್ವಾಳ ನಾ ತೆಗದೆ. ಅದಕ್ಕ ನಾ ಬಿದ್ದೀನಿ!"

ಇಷ್ಟೆಲ್ಲ ತನ್ನ ಬಾಯಿಂದ ಬಂತೇ ಎಂದು ಶಿವದೇವಿಗೇ ದಿಗಿಲಾಯಿತು. ಸುಮ್ಮನ ಉಣ್ರಿ ಎನ್ನುತ್ತಲೇ ಒಂದೊಂದು ಮಾತನ್ನೂ ಕೂಡಿಟ್ಟುಕೊಂಡಿದ್ದಳು.

ನರಹರಿಯವರು ಬಹಳ ಹೊತ್ತು ಸಣ್ಣ ರೆಕ್ಕೆಯನ್ನು ನೋಡಿದರು. "ತಾಯಿ, ಇದು ಹಾರತೈತಿ ಅಂತ ನೀವು ನಂಬೀರೇನು?"

"ನನಗೇನ ಗೊತ್ರಿ ಸಾಹೇಬ್ರ. ನಂಬದಿದ್ರ ಮುರದು ಹಾಳಾಗಿ ಹೋಗಲಿ ಅಂತ ಬಿಟ್ಟಬಿಡ್ತಿದ್ನಲ್ಲ. ತಾಸಿನ ಮ್ಯಾಲಾತು, ಬಿಟ್ಟಿಲ್ಲ."

ಅವರು ಫೈಲನ್ನು ರೆಕ್ಕೆಯ ಮೇಲಿಟ್ಟರು, ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿದರು, ತೋಳು ಮಡಿಚಿದರು. ಐವತ್ತು ಕಿಲೋ ಚೀಲವನ್ನು ಮೊದಲು ತೊಡೆಗೆ, ತೊಡೆಯಿಂದ ಎದೆಗೆ ಎತ್ತಿ, ಮೂತಿಯೊಳಗೆ ಇಳಿಸಿದರು. ಶಿವದೇವಿ ಜಾರಿ ನೆಲಕ್ಕಿಳಿದು ಅಲ್ಲೇ ಕುಸಿದು ಕೂತಳು. ಮೂತಿ ಅಲುಗಲಿಲ್ಲ. ನರಹರಿಯವರು ಅದನ್ನು ಅಂಗೈಯಿಂದ ಎರಡು ಸಲ ಒತ್ತಿ ನೋಡಿದರು, ಆಮೇಲೆ ತಮ್ಮ ಹೆಗಲಚೀಲದಿಂದ ಟೇಪು, ತೂಕದ ಯಂತ್ರ ತೆಗೆದು ಕೆಲಸಕ್ಕೆ ಕೂತರು. ಎರಡು ತಾಸು ಅಳೆದರು, ತೂಗಿದರು, ಬರೆದರು. ಹೊರಡುವ ಮುನ್ನ ಅನ್ನ, ಪುಂಡಿಪಲ್ಯ ಉಂಡರು. ರೊಟ್ಟಿ ಇಲ್ಲವಲ್ಲ ಎಂದು ಅವಳು ಮೂರು ಸಲ ಹೇಳಿದಳು.

ವೈಜನಾಥ ಬಂದಾಗ ಒಂದೂವರೆ. ಕೈಯಲ್ಲಿ ಬಾಡಿದ ಹಾರ, ಮುಖದಲ್ಲಿ ರಕ್ತವಿಲ್ಲ. "ಬರಲಿಲ್ಲ ಅವ್ರು. ಎಲ್ಲಾ ಗಾಡಿ ನೋಡಿದೆ. ಮುಗೀತು, ಶಿವದೇವಿ."

ಅವಳು ಕಾಗದವನ್ನು ಅವನ ಮುಂದೆ ತಳ್ಳಿದಳು. ಕೆಳಗೆ ಸಹಿ, ಮೊಹರು. ಬಾಲದ ಕಾಲಂನಲ್ಲಿ, ಇದೆ, ಮುಂಭಾಗದಲ್ಲಿದೆ ಎಂದಿತ್ತು. ಅದರ ಕೆಳಗೆ ಒಂದು ಷರತ್ತು: ಖಾಲಿ ನಿಂತಿರುವಾಗ ಮೂತಿಯಲ್ಲಿ ಐವತ್ತು ಕಿಲೋ ಜೋಳ ಇರತಕ್ಕದ್ದು.

"ಜ್ವಾಳ ಅಂತನ ಬರದಾರ," ಎಂದ ವೈಜನಾಥ.

"ಹೂಂ. ಇನ್ನ ಮ್ಯಾಲೆ ನಮ್ಮ ಮನಿಯೊಳಗ ರೊಟ್ಟಿ ಇಲ್ಲ. ಕೇಳಿ ಒಯ್ದಿದ್ರ ಏನಾಗ್ತಿತ್ತು ನಿಮಗ?"

"ಕೇಳಿದ್ರ ಕೊಡ್ತಿದ್ದೇನು?"

"ಕೊಡ್ತಿದ್ದಿಲ್ಲ."

ಏನಾಯಿತೆಂದು ಅವಳು ನಾಲ್ಕು ಮಾತಿನಲ್ಲಿ ಹೇಳಿದಳು. ಅವನು ಅವಳ ತೋಳಿನ ಮೇಲೆ ಕಂದಿದ ಗೆರೆಯನ್ನು ನೋಡಿದ, ಮುಟ್ಟಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡ. ಊಟಕ್ಕೆ ಕೂತ. ಅನ್ನ ಕಲಸಿದ, ತಲೆ ಎತ್ತಲಿಲ್ಲ, ಒಂದು ಮಾತೂ ಆಡಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಊಟದ ಹೊತ್ತು ಸದ್ದಿಲ್ಲದೆ ಸಾಗಿತು. ಶಿವದೇವಿಗೆ ಅದನ್ನು ತಡೆಯಲಾಗಲಿಲ್ಲ.

"ಏನ್ರಿ ಹಿಂಗ ಕುಂತೀರಿ?" ಎಂದು ರೇಗಿದಳು. "ಆ ಪಂಖದ ತಿರುವು ಯಾಕ ಹಂಗ ಐತಿ ಅಂತ ಮೊನ್ನಿ ಹೇಳಾಕತ್ತಿದ್ರಿ, ಅರ್ಧಕ್ಕ ನಿಂತಿತ್ತು. ಹೇಳ್ರಿ."