ನಾಳ, ನಾಳೆ

“ಏಯ್, ಆಚೆ ನಿಂತ್ಕೊಂಡು ಮಾತಾಡೇ! ಕುರ್ಚಿ ಮೇಲೆ ಸೋರಿಸಿಬಿಟ್ಟೀಯ!”

ಆಸ್ಪತ್ರೆಯ ಸೂಪರಿಂಟೆಂಡೆಂಟು ಮೂಗಿಗೆ ಕರವಸ್ತ್ರ ಒತ್ತಿಕೊಂಡ. ರೇಡಿಯೋ ಅಕ್ಕ ಸೊಂಟಕ್ಕೆ ಕಟ್ಟಿದ್ದ ಚೀಲವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಇದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷದಿಂದ ಹಾಸಿಗೆ ಬಟ್ಟೆ ಒಗೆಯುವವಳು. ಯಾರ ದನಿಯನ್ನಾದರೂ ಅಚ್ಚೊತ್ತಿದಂತೆ ತೆಗೆಯುತ್ತಾಳೆಂದು ಆ ಹೆಸರು.

ಎರಡು ತಿಂಗಳ ಹಿಂದೆ ದೊಡ್ಡ ಡಾಕ್ಟರು ಅವಳ ಪಿತ್ತಕೋಶ ತೆಗೆದಿದ್ದರು. ಒಳಗೆ ಏಳು ಕಲ್ಲಿದ್ದವಂತೆ. ಕೋಶಕ್ಕೆ ಬೀಳಬೇಕಿದ್ದ ಕತ್ತರಿ ಪಕ್ಕದ ಪಿತ್ತನಾಳಕ್ಕೂ ಬಿತ್ತು. ಅಂದಿನಿಂದ ಕಣ್ಣು ಹಳದಿ. ಪಕ್ಕೆಗೆ ಚುಚ್ಚಿದ ನಳಿಕೆಯಲ್ಲಿ ಪಿತ್ತ ಇಳಿದಿಳಿದು ಚೀಲ ತುಂಬುತ್ತದೆ. ಎಲ್ಲರಿಗೂ ನೆತ್ತಿಗೇರುವ ಪಿತ್ತ ಇವಳಿಗೆ ಸೊಂಟಕ್ಕಿಳಿಯಿತು.

ತಪ್ಪು ಇಲ್ಲೇ ಆಯಿತೆಂದು ಬರೆದುಕೊಟ್ಟರೆ, ನಾಳ ಸರಿಪಡಿಸುವ ಇನ್ನೊಂದು ಆಪರೇಷನ್ ಆಸ್ಪತ್ರೆಯ ಹೊಣೆ. ಆ ಕಾಗದಕ್ಕಾಗಿ ಅವಳು ದಿನಾ ಬರುತ್ತಿದ್ದಳು. ಡಾಕ್ಟರು ಕತ್ತರಿಸಿದ್ದು ನಾಳ, ಆಫೀಸು ಕೊಡುತ್ತಿದ್ದದ್ದು ನಾಳೆ.

ಇವತ್ತು ನಾಳೆಯೂ ಇರಲಿಲ್ಲ.

“ವಾರ್ಡಲ್ಲಿ ಒಂದು ತೊಟ್ಟೂ ಸೋರಿಲ್ಲ. ಮನೆಗೆ ಹೋಗಿ ಒದ್ದೆ ಬಟ್ಟೆ ಗಂಟು ಹೊತ್ತಿದ್ದೀಯ, ಒಳಗೆ ಕಿತ್ಕೊಂಡಿದೆ. ಸಾಕ್ಷಿ ಇದೆ. ನಾಡಿದ್ದು ವಿಚಾರಣೆ. ಬಂದು ತಪ್ಪು ನಂದೇ ಅಂತ ಸಹಿ ಹಾಕು, ಕೆಲಸಾನೂ ಬಿಡು.”

“ಯಾವ ಬೇವರ್ಸಿ ಸಾರ್ ಸಾಕ್ಷಿ?”

ಅವನು ಕಾಗದ ತಿರುಗಿಸಿದ. ಕೆಳಗೆ ಲಾಂಡ್ರಿ ಮೇಸ್ತ್ರಿಯ ಸಹಿ. ಅವಳು ಅಣ್ಣಾ ಎಂದು ಕರೆಯುವ ಮೇಸ್ತ್ರಿ. ಆಪರೇಷನ್ನಿಗೆ ರಕ್ತ ಬೇಕೆಂದಾಗ ತಾನಾಗಿ ತೋಳು ಚಾಚಿದವನು.

ಲಾಂಡ್ರಿಯಲ್ಲಿ ಮೇಸ್ತ್ರಿ ಕಲೆ ನೋಡಿ ಬಟ್ಟೆ ಬೇರ್ಪಡಿಸುತ್ತಿದ್ದ. ವಾರ್ಡಿನ ಆಯಾ ಗಂಟು ಎಸೆದು ಹಾಸಿಗೆಯ ನಂಬರು ಕೂಗಬೇಕು, ಅವನು ಬಿಚ್ಚಿ ಬಣ್ಣ ಕೂಗಬೇಕು. ಕೆಂಪೆಂದರೆ ರಕ್ತ, ತಣ್ಣೀರಿನ ತೊಟ್ಟಿಗೆ. ಹಸಿರೆಂದರೆ ಪಿತ್ತ, ಅದಕ್ಕೆ ಬೇರೆಯೇ ತೊಟ್ಟಿ. ಅದರ ಕಲೆ ಅಷ್ಟು ಹಟಮಾರಿ.

“ಅಣ್ಣಾ, ಏನು ಬರ್ಕೊಟ್ಟೆ?”

ಅವನು ತಲೆ ಎತ್ತಲಿಲ್ಲ. “ಮೂರು ಜನಾನ ಕಾಯಂ ಮಾಡ್ತಾರಂತೆ, ತಂಗಿ. ನಿನ್ ಕೈಲಂತೂ ಇನ್ನು ಆಗಲ್ಲ. ನಾನಾದ್ರೂ…”

“ನಿನ್ ರಕ್ತ ನನ್ ಮೈಯಲ್ಲಿದೆ ಅಂತ ಕಂಡೋರಿಗೆಲ್ಲಾ ಹೇಳ್ಕೊಂಡು ತಿರುಗಿದ್ನಲ್ಲೋ! ಥೂ! ಪಿತ್ತದ ಬದಲು ಅದೇ ಸೋರಿಹೋಗಿದ್ರೆ ಚೆನ್ನಾಗಿತ್ತು!”

“ಮೂವತ್ತೆರಡೂ!” ಆಯಾ ಗಂಟು ಎಸೆದಳು.

“ಕೆಂಪೂ!” ಬೈಸಿಕೊಳ್ಳುತ್ತಿದ್ದರೂ ಅವನ ಬಾಯಿ ತಾನಾಗಿ ಕೂಗಿತು.

ವಿಚಾರಣೆಯ ದಿನ ದೊಡ್ಡ ಡಾಕ್ಟರು ಗಡಿಯಾರ ನೋಡುತ್ತ ಕುಳಿತಿದ್ದರು. ಬಾಗಿಲಲ್ಲಿ ಲಾಂಡ್ರಿಯ ಹೆಂಗಸರು, ಒದ್ದೆ ಕೈಯಲ್ಲೇ. ಮೇಸ್ತ್ರಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

“ಏನಮ್ಮಾ, ಎಲ್ಲೋ ಭಾರ ಎತ್ತಿ ನನ್ ಕೈಗುಣಕ್ಕೆ ಹೆಸರಿಡ್ತೀಯಾ?” ಎಂದರು ಡಾಕ್ಟರು.

“ನಿಮ್ ಕೈಗೆ ಗುಣ ಇದೆ ಸಾರ್. ಗುಣ ಆಗಬೇಕಾಗಿರೋದು ನಂಗೆ.”

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಸೂಪರಿಂಟೆಂಡೆಂಟು ಮೇಜು ಕುಟ್ಟಿ ಮೇಸ್ತ್ರಿಯ ಕಡೆ ನೋಡಿದ.

“ವಾರ್ಡಲ್ಲಿ ಚೆನ್ನಾಗೇ ಇದ್ಲು ಸಾರ್,” ಎಂದ ಮೇಸ್ತ್ರಿ ನೆಲ ನೋಡುತ್ತ. “ಏನೂ ಸೋರ್ತಿರ್ಲಿಲ್ಲ.”

“ಕೇಳಿಸ್ತಾ? ಹಾಕು ಸಹಿ.”

ಅವಳು ಪಕ್ಕೆ ಹಿಡಿದುಕೊಂಡು ಮೇಜಿನ ಮೇಲೆ ಬಾಗಿದಳು. ಪೆನ್ನು ತೆಗೆದುಕೊಂಡಳು. ಆಮೇಲೆ ಅವಳ ಗಂಟಲಿನಿಂದ ಆಯಾಳ ಒಡಕು ದನಿ ಹೊರಟಿತು:

“ಹದಿನೇಳೂ!”

“ಹಸಿರೂ!” ಎಂದ ಮೇಸ್ತ್ರಿ.

ಡಾಕ್ಟರು ಗಡಿಯಾರದಿಂದ ಕಣ್ಣು ಎತ್ತಿದರು.

“ಏನದು ಹಸಿರು?” ಎಂದರು.

“ಪಿತ್ತ ಸಾರ್!” ಬಾಗಿಲಿನಿಂದ ಒಬ್ಬಳು ಕೂಗಿದಳು. “ಹದಿನೇಳು ಅಕ್ಕ ಮಲಗಿದ್ದ ಹಾಸಿಗೆ! ಮಲಗಿದ್ದ ಒಂಬತ್ತು ದಿನಾನೂ ಹಸಿರು ತೊಟ್ಟಿಗೇ ಬಂತು, ಇವನೇ ಕೂಗಿದ್ದು! ಉಜ್ಜಿ ಉಜ್ಜಿ ನನ್ ಉಗುರು ಹೋಯ್ತು!”

ಹೆಂಗಸರ ನಗು ಒಡೆದ ಪೈಪಿನಂತೆ ಒಳಗೆ ನುಗ್ಗಿತು. “ಹೊರಗೆ ನಡೀರಿ! ಎಲ್ಲರ ಕೆಲಸಾನೂ ತೆಗೀತೀನಿ!” ಸೂಪರಿಂಟೆಂಡೆಂಟು ಬಡಬಡಿಸುತ್ತಿದ್ದ, ಯಾರಿಗೂ ಕೇಳಿಸಲಿಲ್ಲ. ತನ್ನನ್ನೇ ಹಿಡಿದುಕೊಟ್ಟ ಬಾಯಿಯನ್ನು ಮೇಸ್ತ್ರಿ ಎರಡೂ ಕೈಯಲ್ಲಿ ಮುಚ್ಚಿಕೊಂಡ. ಭುಜ ಕುಣಿಯಿತು. ಬೆರಳ ಸಂದಿಯಿಂದ ನಗು ಸಿಡಿದು, ಎಲ್ಲರ ನಗುವನ್ನೂ ಮೀರಿಸಿ, ಅವನನ್ನು ಮೊಣಕಾಲಿಗೆ ಬಗ್ಗಿಸಿತು.

ರೇಡಿಯೋ ಅಕ್ಕ ನಗಲಿಲ್ಲ; ನಕ್ಕರೆ ನಳಿಕೆ ಎಳೆಯುತ್ತದೆ. ಕಾಗದವನ್ನು ಖಾಲಿ ಮಗ್ಗುಲಿಗೆ ತಿರುಗಿಸಿ, ಅವನ ಬೆರಳು ಬಿಡಿಸಿ ಪೆನ್ನು ತುರುಕಿದಳು.

“ಬರಿಯೋ ಮೇಸ್ತ್ರಿ. ನೋಡಿದ್ದನ್ನ ಬರಿ.”

ಅವನು ಕಣ್ಣೀರು ಒರೆಸಿಕೊಂಡು ಬಗ್ಗಿದ. ಪೆನ್ನಿನ ಮೊನೆ ಕಾಗದಕ್ಕೆ ತಾಗಿ ಒಂದು ಚುಕ್ಕೆ ಮೂಡಿತು. ಚುಕ್ಕೆ ಹರಡುತ್ತಿತ್ತು. ಅವನು ನಗುತ್ತಲೇ ಇದ್ದ.