ಗುಂಡ್ಲುಪೇಟೆಯ ಪರದೆಯ ಮೇಲಿದ್ದ ಎಂಟು ಸೀಸೆ

“ಜೀಪು ಹೊರಡ್ತು ಕಣಪ್ಪ ನೀಲಕಂಠ. ಇಲ್ಲೇ ನಮ್ ತಾಲೂಕಿನ ಮದ್ದೂರು ಕಡೆ ಹುಡುಗಿ, ಕಡ್ಲೆಕಾಯಿ ಕೀಳೋವಾಗ ನಾಗರಾವು ಕಚ್ಬುಟ್ಟದೆ. ನಿಮ್ಮಲ್ಲಿ ಚುಚ್ಚುಮದ್ದು ಎಂಟು ಸೀಸೆ ಅದೆ ಅಂತ ಪರದೆ ತೋರಿಸ್ತಲ್ಲ, ಮೈಸೂರಿಗಿಂತ ಹತ್ರ ಆಯ್ತದೆ ಅಂತ ಅಲ್ಲಿಗೇ ಕಳಿಸ್ದೆ. ಔಷಧಿ ಕೋಣೆ ರಾಜಣ್ಣಂಗೆ ಹೇಳು, ಈಚೆಗೆ ತೆಗೆದಿಟ್ಕಂಡಿರ್ಲಿ.”

ಗುಂಡ್ಲುಪೇಟೆಯ ಕ್ಲಿನಿಕ್ಕಿನ ನರ್ಸ್ ಮಹಾಲಕ್ಷ್ಮಮ್ಮ ಇಷ್ಟು ಹೇಳಿ ಫೋನಿಟ್ಟರು. ಚಾಮರಾಜನಗರದ ಟ್ರಸ್ಟ್ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕೂತಿದ್ದ ನೀಲಕಂಠಸ್ವಾಮಿಗೆ ಆ ಮಾತು ಕೇಳಿ ಒಳಗೊಳಗೇ ಹೆಮ್ಮೆಯಾಯಿತು. ತನ್ನ ಪರದೆ ನೋಡಿ ಒಂದು ಜೀವ ಇತ್ತ ಬರುತ್ತಿದೆ! ಉಮ್ಮತ್ತೂರಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಮಾಡಿದ ಕೆಲಸ ಇವತ್ತು ಸಾರ್ಥಕವಾಯಿತು ಅಂದುಕೊಂಡ. ಆ ಹೆಮ್ಮೆಯ ಆಯಸ್ಸು ಔಷಧಿ ಕೋಣೆಗೆ ನಡೆದುಹೋಗುವಷ್ಟು ಹೊತ್ತು ಮಾತ್ರ.

ರಾಜಣ್ಣ ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದ. ಹಾವಿನ ವಿಷದ ಚುಚ್ಚುಮದ್ದು ಇರುವ ಜಾಗದಲ್ಲಿ ಖಾಲಿ ರಟ್ಟಿನ ಡಬ್ಬ ಬಿದ್ದಿತ್ತು.

“ಮುಗ್ದೋಯ್ತಲ್ಲಪ್ಪ. ಆಯುಧಪೂಜೆ ಸಂಜೆ ಒಬ್ರ ಹಿಂದೆ ಒಬ್ರು ಇಬ್ರು ಬಂದ್ರು, ಎಂಟೂ ಅವ್ರಿಗೇ ಆಯ್ತು. ಕಂಪ್ಯೂಟ್ರಲ್ಲೂ ಅವತ್ತೇ ಸೊನ್ನೆ ಮಾಡ್ಬುಟ್ಟಿದ್ದೀನಿ. ಹೊಸ ಮಾಲು ಹಬ್ಬದ ರಜೆ ಮುಗುದ್ ಮೇಲೆ ಬರೋದು,” ಅಂದ.

ರಾಜಣ್ಣನ ಪರದೆಯಲ್ಲಿ ಸೊನ್ನೆಯೇ ಇತ್ತು. ಮತ್ತೆ ಮಹಾಲಕ್ಷ್ಮಮ್ಮನವರಿಗೆ ಕಂಡ ಎಂಟು ಎಲ್ಲಿಯದು?

1999ರ ದಸರೆ ಕಳೆದ ಮರುದಿನ ಅದು. ಎರಡು ವರ್ಷದ ಹಿಂದೆ ದಾನಿಯೊಬ್ಬರು ಟ್ರಸ್ಟಿಗೆ ಕಂಪ್ಯೂಟರುಗಳನ್ನು ಕೊಡಿಸಿ, ಚಾಮರಾಜನಗರದ ಆಸ್ಪತ್ರೆಗೂ ಗುಂಡ್ಲುಪೇಟೆಯ ಕ್ಲಿನಿಕ್ಕಿಗೂ ನಡುವೆ ಒಂದು ಲೈನು ಎಳೆಸಿದ್ದರು. ಯಾವ ಔಷಧಿ ಎಲ್ಲಿ ಎಷ್ಟಿದೆ ಎಂಬ ಲೆಕ್ಕ ಚಾಮರಾಜನಗರದ ಒಂದು ಯಂತ್ರದಲ್ಲಿರುತ್ತಿತ್ತು. ಗುಂಡ್ಲುಪೇಟೆಯಲ್ಲಿ ಕೂತವರು ‘ಔಷಧಿ’ ಎಂಬ ಹೆಸರು ಒತ್ತಿದರೆ ಸಾಕು, ಲೆಕ್ಕ ಕಣ್ಣಮುಂದೆ. ಆದರೆ ಯಂತ್ರಗಳಿಗೆ ಹೆಸರು ತಿಳಿಯುವುದಿಲ್ಲ, ಅವಕ್ಕೆ ಬೇಕಾದದ್ದು ಅಂಕಿಯ ವಿಳಾಸ. ಯಾವ ಹೆಸರಿಗೆ ಯಾವ ವಿಳಾಸ ಎಂದು ಹೇಳಿಕೊಡುವ ಯಂತ್ರವೇ ನೇಮ್ ಸರ್ವರ್. ಲೈನು ಪದೇ ಪದೇ ಕೈಕೊಡುತ್ತಿದ್ದುದರಿಂದ ನೀಲಕಂಠ ಎರಡು ನೇಮ್ ಸರ್ವರ್ ಮಾಡಿದ್ದ. ಮೂಲಪಟ್ಟಿ ಚಾಮರಾಜನಗರದಲ್ಲಿ, ಅದರ ನಕಲು ಗುಂಡ್ಲುಪೇಟೆಯಲ್ಲಿ. “ಇನ್ಮೇಲೆ ಫೋನ್ ಮಾಡಿ ಕೇಳ್ತಾ ಕೂರಬೇಡಿ, ಪರದೆ ನಂಬಿ,” ಎಂದು ಮಹಾಲಕ್ಷ್ಮಮ್ಮನವರಿಗೆ ಪಾಠ ಹೇಳಿದ್ದವನೂ ಅವನೇ.

ಅವನು ಓಡಿಬಂದು ಗುಂಡ್ಲುಪೇಟೆಗೆ ಫೋನು ಮಾಡಿದ. “ಅಕ್ಕ, ನಾನು ಹೇಳೋದನ್ನ ಒಂದೊಂದೇ ಅಕ್ಷರ ಒತ್ತಿ,” ಎಂದು, ಹೆಸರಿನ ವಿಳಾಸ ಕೇಳುವ ಎನ್‌ಎಸ್‌ಲುಕಪ್ ಎಂಬ ಆಜ್ಞೆಯನ್ನೂ ‘ಔಷಧಿ’ ಎಂಬ ಹೆಸರನ್ನೂ ಒತ್ತಿಸಿ, ಬಂದ ವಿಳಾಸ ಓದಲು ಹೇಳಿದ. ಅವರು ಒಂದೊಂದೇ ಅಂಕಿ ಓದಿದರು. ಕೊನೆಯ ಅಂಕಿ ಕೇಳಿದ ಕೂಡಲೇ ನೀಲಕಂಠನಿಗೆ ಗೊತ್ತಾಯಿತು. ಅದು ಹಳೆಯ ಯಂತ್ರದ ವಿಳಾಸ.

ಆಯುಧಪೂಜೆಯ ಬೆಳಿಗ್ಗೆ ಅವನು ಔಷಧಿಯ ಲೆಕ್ಕವನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸಿದ್ದ. ಮೂಲಪಟ್ಟಿಯಲ್ಲಿ ವಿಳಾಸ ತಿದ್ದಿದ್ದ. ಪಟ್ಟಿಯ ತಲೆಯ ಮೇಲೆ ಒಂದು ಸೀರಿಯಲ್ ನಂಬರು ಇರುತ್ತದೆ, ತಿದ್ದಿದಾಗಲೆಲ್ಲ ಅದನ್ನು ಏರಿಸಬೇಕು. ನಕಲು ಇಟ್ಟುಕೊಂಡಿರುವ ಯಂತ್ರ ಆಗಾಗ ಬಂದು ಆ ನಂಬರನ್ನಷ್ಟೇ ನೋಡುತ್ತದೆ. ಏರಿದ್ದರೆ ಹೊಸ ಪಟ್ಟಿ ಒಯ್ಯುತ್ತದೆ, ಏರದಿದ್ದರೆ ಏನೂ ಬದಲಾಗಿಲ್ಲ ಎಂದು ತಣ್ಣಗೆ ವಾಪಸಾಗುತ್ತದೆ. ನೀಲಕಂಠ ವಿಳಾಸ ತಿದ್ದಿ ನಂಬರಿಗೆ ಕೈಹಾಕುವ ಹೊತ್ತಿಗೆ ಸರಿಯಾಗಿ ಟ್ರಸ್ಟಿನ ಕಾರ್ಯದರ್ಶಿ ಚಿಕ್ಕಮಲ್ಲಪ್ಪನವರು ಬಾಗಿಲಲ್ಲಿ ನಿಂತು, “ಏನಯ್ಯಾ, ಮಂಗಳಾರತಿ ಆರಿಹೋಗ್ತದೆ, ಎದ್ದು ಬಾರಯ್ಯಾ,” ಎಂದು ಕೂಗಿದ್ದರು. ಎದ್ದು ಹೋಗಿದ್ದ. ಕುಂಬಳಕಾಯಿ ಒಡೆದು, ಕಡ್ಲೆಪುರಿ ತಿಂದು, ಹಣೆಗೆ ಕುಂಕುಮ ಇಟ್ಟುಕೊಂಡು ಬಂದವನಿಗೆ ಎಲ್ಲ ಮುಗಿಸಿಯೇ ಎದ್ದಿದ್ದೆ ಅನ್ನಿಸಿತ್ತು. ಪಟ್ಟಿ ಉಳಿಸಿ, ಇಲ್ಲೇ ಕೂತು ಪರೀಕ್ಷೆ ಮಾಡಿದ್ದ, ಸರಿ ಬಂದಿತ್ತು. ಗುಂಡ್ಲುಪೇಟೆಯಿಂದ ಪರೀಕ್ಷೆ ಮಾಡಿಸೋಣವೆಂದರೆ ಹಬ್ಬಕ್ಕೆ ಕ್ಲಿನಿಕ್ಕಿನ ಬಾಗಿಲು ಹಾಕಿತ್ತು.

ಅಷ್ಟಾದರೂ ಹಳೆಯ ಯಂತ್ರವನ್ನು ಆರಿಸಿಬಿಟ್ಟಿದ್ದರೆ ಗುಂಡ್ಲುಪೇಟೆಯ ಪರದೆ ಬರಿದಾಗಿರುತ್ತಿತ್ತು, ಮಹಾಲಕ್ಷ್ಮಮ್ಮ ಮೊದಲಿನ ಹಾಗೆ ಫೋನು ಎತ್ತಿರುತ್ತಿದ್ದರು. ಅದನ್ನೂ ಕಾರ್ಯದರ್ಶಿಗಳು ಆರಿಸಗೊಡಲಿಲ್ಲ. ಚಿಕ್ಕಮಲ್ಲಪ್ಪನವರು ಯಾವ ಯಂತ್ರಕ್ಕೂ ಬೆರಳು ಸೋಕಿಸಿದವರಲ್ಲ, ಆದರೆ ಎಲ್ಲ ಯಂತ್ರಗಳ ಮೇಲೂ ಅವರ ಮಾತು ನಡೆಯಬೇಕು. “ಹೂವು ಕುಂಕುಮ ಇಟ್ಟು ಪೂಜೆ ಮಾಡಿದ್ದನ್ನ ಅವತ್ತೇ ಆರಿಸಿ ಮೂಲೆಗೆ ತಳ್ತೀಯಾ? ದಶಮಿ ಕಳೀಲಿ,” ಅಂದಿದ್ದರು. ನೀಲಕಂಠನೂ ಉಮ್ಮತ್ತೂರಿನವನೇ, ಅವನ ಮನೆಯಲ್ಲೂ ಪೂಜೆ ಮಾಡಿದ ನೇಗಿಲನ್ನು ದಶಮಿಯ ತನಕ ಯಾರೂ ಕದಲಿಸುವುದಿಲ್ಲ. ಹೂಂ ಅಂದಿದ್ದ. ಹಾಗಾಗಿ ಹಳೆಯ ಯಂತ್ರ ಒಣಗಿದ ಸೇವಂತಿಗೆ ಹಾರ ಹೊತ್ತುಕೊಂಡು, ಕೇಳಿದವರಿಗೆಲ್ಲ ಎಂಟು ಎಂಟು ಎಂದು ಹೇಳುತ್ತಾ ಕೂತಿತ್ತು.

ಜೀಪನ್ನು ದಾರಿಯಲ್ಲೇ ತಡೆದು ಮೈಸೂರಿಗೆ ತಿರುಗಿಸಬಹುದೇ ಎಂದು ಅವನು ತೆರಕಣಾಂಬಿಯ ಎಸ್‌ಟಿಡಿ ಬೂತಿಗೆ ಫೋನು ಹಚ್ಚಿದ. ಗಂಟೆ ಹೊಡೆದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ರಾಜಣ್ಣ ಸೈಕಲ್ಲು ಹತ್ತಿ ಊರಿನ ಔಷಧಿ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದ. ಮೈಸೂರಿನ ಆಸ್ಪತ್ರೆಯೊಂದಕ್ಕೆ ಹೇಳಿ ಔಷಧಿ ಸಿದ್ಧವಾಗಿಡುವ ಏರ್ಪಾಡಾಯಿತು. ಅಷ್ಟರಲ್ಲಿ ಜೀಪು ಗೇಟಿನೊಳಗೆ ಬಂತು.

ಹುಡುಗಿಯ ಹೆಸರು ಶಾಂತಿ. ಅಪ್ಪ ಪುಟ್ಟಮಾದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳಿಗೆ ಎಚ್ಚರವಿತ್ತು, ಆದರೆ ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ಬಾಯಿಯ ಒಂದು ಕಡೆಯಿಂದ ಜೊಲ್ಲು ಸುರಿಯುತ್ತಿತ್ತು.

“ಬಂದ್ಬುಟ್ಟೊ ಕಣವ್ವ, ಆಸ್ಪತ್ರೆ ಬಂತು. ಇಲ್ಲಿ ಎಂಟ್ ಬಾಟ್ಲಿ ಮಡಗವ್ರಂತೆ,” ಅನ್ನುತ್ತಿದ್ದ ಪುಟ್ಟಮಾದು.

ಔಷಧಿ ಇಲ್ಲವೆಂದು ಡ್ಯೂಟಿ ಡಾಕ್ಟರು ಹೇಳಿದಾಗ ಅವನು ಜಗಳ ಮಾಡಲಿಲ್ಲ. ಜಗಳ ಮಾಡಲು ಪುರುಸೊತ್ತಿರಲಿಲ್ಲ. ಹುಡುಗಿಯ ಉಸಿರು ನಿಲ್ಲುತ್ತಾ ಬಂದಿತ್ತು. ಡಾಕ್ಟರು ಗಂಟಲಿಗೆ ನಳಿಗೆ ಇಳಿಸಿ, ಅದಕ್ಕೊಂದು ರಬ್ಬರಿನ ಗಾಳಿಚೀಲ ಸಿಕ್ಕಿಸಿ, “ಇದನ್ನ ಬಿಡದೆ ಒತ್ತುತ್ತಾ ಮೈಸೂರು ಮುಟ್ಟಿಸಬೇಕು,” ಅಂದರು. ಹಬ್ಬದ ರಜೆಯಲ್ಲಿ ಉಳಿದಿದ್ದ ಡಾಕ್ಟರು ಅವರೊಬ್ಬರೇ, ಅವರು ಆಸ್ಪತ್ರೆ ಬಿಡುವ ಹಾಗಿರಲಿಲ್ಲ. ಆಯಾ ಈರಮ್ಮ ಜೀಪು ಹತ್ತಿದಳು. ಅವಳೊಬ್ಬಳಿಂದ ಆಗದೆಂದು ನೀಲಕಂಠನೂ ಹತ್ತಿದ.

ದಾರಿಯುದ್ದಕ್ಕೂ ಅವನೇ ಒತ್ತಿದ. ಈರಮ್ಮ ಬಿಡಿಸಿಕೊಳ್ಳಲು ಬಂದರೂ ಬಿಡಲಿಲ್ಲ. ಅಂಗೈ ಕೆಂಪಗಾಗಿ, ರಟ್ಟೆ ನೋಯುತ್ತಿತ್ತು. ಚೀಲ ಒತ್ತಿದಾಗ ಹುಡುಗಿಯ ಎದೆ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಪುಟ್ಟಮಾದು ಮಗಳ ಪಾದ ಹಿಡಿದುಕೊಂಡು ಒಮ್ಮೆ ಎದೆಯನ್ನೂ ಒಮ್ಮೆ ಇವನ ಮುಖವನ್ನೂ ನೋಡುತ್ತಿದ್ದ.

“ಕೈ ನಿಲ್ಲಿಸ್ಬ್ಯಾಡ ಕಣಪ್ಪ. ನೀನು ಯಾರೆತ್ತ ಮಗನೋ, ನನ್ ಪಾಲ್ಗೆ ದೇವ್ರಂಗೆ ಬಂದಿದ್ದೀಯೆ,” ಅಂದ.

ಆ ಮಾತು ನೀಲಕಂಠನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹೇಳಿಬಿಡಬೇಕು ಅನ್ನಿಸಿತು. ಈಗಲ್ಲ, ಹುಡುಗಿ ಉಳಿಯಲಿ, ಆಮೇಲೆ ಕಾಲಿಗೆ ಬಿದ್ದು ಹೇಳುತ್ತೇನೆ ಅಂದುಕೊಂಡ. ನಂಜನಗೂಡಿನ ಸೇತುವೆ ದಾಟಿದ ಮೇಲೆ ಈರಮ್ಮ ಹುಡುಗಿಯ ಕತ್ತಿನ ಬದಿಗೆ ಬೆರಳಿಟ್ಟು ನೋಡಿದಳು. ಇನ್ನೊಮ್ಮೆ ನೋಡಿ ನೀಲಕಂಠನಿಗಷ್ಟೇ ಕಾಣುವ ಹಾಗೆ ಇಲ್ಲವೆಂದು ತಲೆಯಾಡಿಸಿದಳು. ಅವನು ಒತ್ತುವುದನ್ನು ನಿಲ್ಲಿಸಲಿಲ್ಲ. ಮೈಸೂರಿನ ಆಸ್ಪತ್ರೆಯವರು ಕೈಯಿಂದ ಚೀಲ ಕಿತ್ತುಕೊಳ್ಳುವವರೆಗೂ ಒತ್ತಿದ.

ವಾಪಸು ಬಂದವನೇ ಸೀರಿಯಲ್ ನಂಬರು ಏರಿಸಿದ, ಹಳೆಯ ಯಂತ್ರ ಆರಿಸಿದ. ಗುಂಡ್ಲುಪೇಟೆಯ ಪರದೆಗೂ ಸೊನ್ನೆ ಬಂತು. ಇನ್ನೊಬ್ಬರ ಮಗಳಿಗೆ ಹೀಗಾಗಬಾರದೆಂದು ಮಾಡಿದ ಕೆಲಸ ಅದು. ಆದರೆ ಅದರೊಂದಿಗೆ ಎಂಟು ಎಂದು ತೋರಿಸಿದ್ದ ಪರದೆಯ ಗುರುತೂ ಅಳಿದುಹೋಯಿತು.

ಎಲ್ಲವನ್ನೂ ಚಿಕ್ಕಮಲ್ಲಪ್ಪನವರಿಗೆ ಬಿಡಿಸಿ ಹೇಳಿದ. ಅವರು ಕೇಳಿಸಿಕೊಂಡು, “ಇದು ಯಾರಿಗೆ ಅರ್ಥವಾಗ್ತದಯ್ಯ? ದಾನಿಗಳ ಕಿವಿಗೆ ಬಿದ್ರೆ ಆಸ್ಪತ್ರೆ ಮುಚ್ಚಬೇಕಾಗ್ತದೆ. ಆ ನರ್ಸಮ್ಮ ಹೆಂಗೂ ಬರೋ ವರ್ಷ ನಿವೃತ್ತಿ. ಸೊನ್ನೇನ ಎಂಟು ಅಂತ ಓದ್ಕೊಂಡ್ಲು ಅಂದ್ರೆ ಮುಗೀತು. ನೀನು ಬಾಯಿ ಮುಚ್ಕೊಂಡಿರು,” ಅಂದರು. ಮಹಾಲಕ್ಷ್ಮಮ್ಮನವರಿಗೆ ಕೆಲಸಕ್ಕೆ ಬರಬೇಡಿ ಎಂದು ಹೇಳಿಕಳಿಸಿದರು.

ಹುಡುಗಿಯ ತಿಥಿ ಮುಗಿದ ಮೇಲೆ ಗುಂಡ್ಲುಪೇಟೆಯ ಕ್ಲಿನಿಕ್ಕಿನಲ್ಲಿ ಪಂಚಾಯ್ತಿ ಸೇರಿತು. ಪುಟ್ಟಮಾದು ಊರಿನ ಇಬ್ಬರು ಯಜಮಾನರ ಜೊತೆ ಬಂದಿದ್ದ. ತಲೆ ಬೋಳಿಸಿಕೊಂಡಿದ್ದ, ಮೊದಲಿಗಿಂತ ಚಿಕ್ಕವನಾಗಿ ಕಾಣುತ್ತಿದ್ದ. ನೀಲಕಂಠನನ್ನು ಕಂಡು ಪಕ್ಕಕ್ಕೆ ಬಂದು, “ಕೈ ನೋವು ವಾಸಿಯಾಯ್ತಾ ಮಗ?” ಎಂದು ಕೇಳಿದ.

ಹೊಸ ಮಾಲು ಇನ್ನೂ ಬಂದಿರಲಿಲ್ಲ. ಚಿಕ್ಕಮಲ್ಲಪ್ಪನವರು ಪರದೆಯನ್ನು ಎಲ್ಲರ ಕಡೆಗೆ ತಿರುಗಿಸಿ, “ನೋಡಿ, ಸೊನ್ನೆ. ಯಂತ್ರಕ್ಕೆ ಸುಳ್ಳು ಹೇಳಕ್ಕೆ ಬರಲ್ಲ. ನೋಡಿದವರ ಕಣ್ಣು ತಪ್ಪಿದೆ,” ಅಂದರು.

ಮಹಾಲಕ್ಷ್ಮಮ್ಮ ಗೋಡೆಗೆ ಒರಗಿ ನಿಂತಿದ್ದರು. “ನನ್ ಮಕ್ಕಳಾಣೆಗೂ ಎಂಟು ಇತ್ತು. ಮೂವತ್ತು ವರ್ಷದಿಂದ ಔಷಧಿ ಬಾಟ್ಲಿ ಓದ್ತಾ ಇದೀನಿ, ಸೊನ್ನೆ ಯಾವ್ದು ಎಂಟು ಯಾವ್ದು ಗೊತ್ತಾಗಲ್ವಾ ನಂಗೆ?” ಅಂದರು. ಯಜಮಾನರು ಮುಖ ಮುಖ ನೋಡಿಕೊಂಡರು. ಯಾರಿಗೂ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ನೀಲಕಂಠ ಎದ್ದು ನಿಂತ. “ಎಂಟೇ ಇತ್ತು. ಅಕ್ಕನ ತಪ್ಪಿಲ್ಲ, ತಪ್ಪು ನಂದು,” ಅಂದ.

“ಹೆಂಗಸು ನೊಂದ್ಕೊಂಡವ್ಳೆ ಅಂತ ಕರುಣೆಗೆ ಹೇಳ್ತಾವ್ನೆ ಹುಡುಗ. ಕೂತ್ಕೊಳ್ಳಯ್ಯ,” ಅಂದರು ಚಿಕ್ಕಮಲ್ಲಪ್ಪನವರು.

ಅವನು ಕೂರಲಿಲ್ಲ. ಬಾಯಿಮಾತಿಗೆ ಬೆಲೆಯಿಲ್ಲವೆಂದರೆ ಕಣ್ಣಿಗೇ ತೋರಿಸುವುದು ಎಂದು ಹಟ ಹುಟ್ಟಿತು. ಚಾಮರಾಜನಗರದಲ್ಲಿದ್ದ ರಾಜಣ್ಣನಿಗೆ ಫೋನು ಮಾಡಿ ಹಳೆಯ ಯಂತ್ರವನ್ನು ಹಚ್ಚಲು ಹೇಳಿದ. ಗುಂಡ್ಲುಪೇಟೆಯ ನೇಮ್ ಸರ್ವರಿನ ಮುಂದೆ ಕೂತು ‘ಔಷಧಿ’ಗೆ ಹಳೆಯ ವಿಳಾಸವನ್ನೇ ಮತ್ತೆ ಕೊಟ್ಟ. ತಪ್ಪನ್ನು ತಿದ್ದಿದ್ದ ಕೈಯಿಂದಲೇ ಅದನ್ನು ಅಕ್ಷರ ಬಿಡದೆ ಮತ್ತೆ ಮಾಡಿ, ಎದ್ದು ಮಹಾಲಕ್ಷ್ಮಮ್ಮನವರಿಗೆ ಕುರ್ಚಿ ಬಿಟ್ಟುಕೊಟ್ಟ.

“ಅವತ್ತು ಒತ್ತಿದ್ದನ್ನೇ ಒತ್ತಿ ಅಕ್ಕ.”

ಅವರು ಒತ್ತಿದರು. ಪರದೆ ಸ್ವಲ್ಪ ತಡವರಿಸಿ ಚಾಮರಾಜನಗರದ ದಾಸ್ತಾನು ತೋರಿಸಿತು. ಹಾವಿನ ಚುಚ್ಚುಮದ್ದಿನ ಎದುರಿಗೆ ಎಂಟು.

“ನೋಡಿ! ನೋಡಿ! ನಾನು ಹೇಳ್ನಿಲ್ವಾ!” ಎಂದು ಮಹಾಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಎಷ್ಟೋ ದಿನದ ಮೇಲೆ ನೀಲಕಂಠನ ಎದೆಯ ಭಾರ ಒಂದು ಗಳಿಗೆ ಇಳಿಯಿತು.

ಪುಟ್ಟಮಾದು ಎದ್ದು ಬಂದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಪರದೆಯ ಹತ್ತಿರ ಬಗ್ಗಿ ನೋಡಿದ.

“ಎಂಟು,” ಅಂದ. “ಇದು ಚಾಮ್ರಾಜನಗರದ್ದಾ?”

“ಹೌದು.”

“ಅಲ್ಲಿ ಈಗ್ಲೂ ಅವಾ?”

“ಇಲ್ಲ ಅಪ್ಪಾ, ಅದು ಹಳೇ ಲೆಕ್ಕ. ಇದು ಹಳೇ ಮಿಷನ್ನು ತೋರಿಸ್ತಿರೋದು. ನಿಜವಾಗಿ ಅಲ್ಲಿ—”

“ಈಗಿನ್ನ ಫೋನ್ ಮಾಡಿ ಕೇಳ್ದಲ್ಲಪ್ಪ ನೀನು. ಕೇಳಿದ್ ಮ್ಯಾಕೆ ಬಂತು ಎಂಟು. ಅವತ್ತೂ ಇದ್ದೊ, ಇವತ್ತೂ ಅವೆ.” ಅವನ ದನಿ ಏರಲಿಲ್ಲ. “ಮುಚ್ಚಿಟ್ಟಿದ್ರಿ. ನಮ್ಮಂತೋರ್ಗೆ ಯಾಕೆ ಅಂತ ಮುಚ್ಚಿಟ್ಟಿದ್ರಿ.”

ನೀಲಕಂಠ ಅವನ ಎರಡೂ ಕೈ ಹಿಡಿದುಕೊಂಡು ಹೆಸರು, ವಿಳಾಸ, ನಕಲು ಪಟ್ಟಿ ಎಂದು ಹೇಳುತ್ತಾ ಹೋದ. ಹೇಳಿದಷ್ಟೂ ಅದು ತಪ್ಪಿಸಿಕೊಳ್ಳುವವನ ಮಾತಾಗಿ ಅವನಿಗೇ ಕೇಳಿಸಿತು. ಯಜಮಾನರು ಮೇಲುವಸ್ತ್ರ ಕೊಡವಿಕೊಂಡು ಎದ್ದಿದ್ದರು. ಪುಟ್ಟಮಾದು ಕೈ ಬಿಡಿಸಿಕೊಂಡ.

“ಒಂದೇ ಮಾತು ಹೇಳು. ಜೀಪ್ ಹತ್ತೋವಾಗ ನಿಂಗಿದು ಗೊತ್ತಿತ್ತಾ?”

ಸುಳ್ಳು ಹೇಳಲು ನೀಲಕಂಠನಿಗೆ ನಾಲಿಗೆ ಏಳಲಿಲ್ಲ. “ಗೊತ್ತಿತ್ತು,” ಅಂದ.

“ಗೊತ್ತಿದ್ದೂ ನನ್ ಮಗಳ್ ಬಾಯ್ಗೆ ಬರೀ ಗಾಳಿ ಒತ್ತಿದ್ಯಾ?” ಅಂದ ಪುಟ್ಟಮಾದು. ಉತ್ತರಕ್ಕೆ ಕಾಯದೆ ಯಜಮಾನರ ಹಿಂದೆ ಹೊರಟು, ಮದ್ದೂರಿನ ಬಸ್ಸು ನಿಲ್ಲುವ ಕಡೆಗೆ ನಡೆದ.