ಲೆಕ್ಕಕ್ಕಿಲ್ಲದ ಬಂದೂಕು

ಸಿಯಾಟಲ್‌ನಿಂದ ಸೆಲೆಸ್ಟ್ ಫೋನ್ ಮಾಡಿದಾಗ ಮಾರ್ಲಿಸ್ ಟ್ವೈಟ್ ಆಗಷ್ಟೇ ಚರ್ಚಿನಿಂದ ಬಂದಿದ್ದಳು, ಇನ್ನೂ ಶೂ ಬಿಚ್ಚಿರಲಿಲ್ಲ. ಸೆಲೆಸ್ಟ್ ಅವಳ ಅಣ್ಣ ಆರಿನ್‌ನ ಒಬ್ಬಳೇ ಮಗಳು. ಫೋನಿನಲ್ಲಿ ಅಳುವ ಜಾತಿಯ ಹುಡುಗಿಯಲ್ಲ. ಆವತ್ತು ಮಾತ್ರ ಅವಳ ದನಿ ನಡುಗುತ್ತಿತ್ತು.

“ಅತ್ತೆ, ಅಮ್ಮನ ಪಿಯಾನೊ ಯಾರಿಗೆ ಕೊಡ್ಲಿ ಅಂತ ಅಪ್ಪ ನಿನ್ನೆ ಕೇಳಿದ್ರು. ಆಮೇಲೆ ಟ್ರ್ಯಾಕ್ಟರ್ ಕೀಲಿ ಎಲ್ಲಿರತ್ತೆ ಅಂತ ಎರಡು ಸಲ ಹೇಳಿದ್ರು. ಟ್ರ್ಯಾಕ್ಟರ್ ಕೀಲಿ ತಗೊಂಡು ನಾನೇನು ಮಾಡ್ಲಿ?”

ಮಾರ್ಲಿಸ್ ಇದ್ದಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಅತ್ತಿಗೆ ಆರ್ಡಿಸ್ ತೀರಿಕೊಂಡು ಮೂರು ತಿಂಗಳಾಗಿತ್ತು. ಆರಿನ್ ಊಟ ಬಿಟ್ಟಿರಲಿಲ್ಲ, ಬಿತ್ತನೆ ಬಿಟ್ಟಿರಲಿಲ್ಲ, ಕ್ಷೌರವನ್ನೂ ಬಿಟ್ಟಿರಲಿಲ್ಲ. ಹಾಗಾಗಿ ಊರಿನವರೆಲ್ಲ ಅವನು ಗಟ್ಟಿ ಮನುಷ್ಯ ಎಂದು ಸುಮ್ಮನಿದ್ದರು.

“ಈಸ್ಟರಿಗೆ ಬಂದಾಗ ನೋಡಿದ್ನಲ್ಲ, ಆ ಕರಿ ರೈಫಲ್,” ಸೆಲೆಸ್ಟ್ ಮುಂದುವರಿಸಿದಳು. “ಮಿಲಿಟರಿಯವರದ್ದು. ಅದೊಂದನ್ನ ದಯವಿಟ್ಟು ಮನೆಯಿಂದ ತೆಗೀರಿ. ಒತ್ತಿ ಹಿಡಿದ್ರೆ ಮಳೆ ಸುರಿದ ಹಾಗೆ ಗುಂಡು ಸುರಿಯತ್ತಂತೆ.”

“ಸುರಿಯಲ್ಲ ಕಣೆ. ಮಿಲಿಟರಿಯವರದ್ದು ಬೇರೆ, ಇದು ಬೇರೆ. ಇದರಲ್ಲಿ ಒಂದು ಸಲ ಎಳೆದ್ರೆ ಒಂದೇ ಗುಂಡು. ನಿಮ್ಮಪ್ಪ ಜಿಂಕೆ ಹೊಡೆಯೋ ರೈಫಲ್ ಇದಕ್ಕಿಂತ ಜೋರು.”

“ನಂಗೆ ಪಾಠ ಬೇಡ ಅತ್ತೆ. ತೆಗೀರಿ, ಸಾಕು.”

“ಒಂದಲ್ಲ, ಎಲ್ಲಾನೂ ತರ್ತೀನಿ. ಆಯ್ತಾ?”

ಹೇಳಿದ ಮೇಲೆ ಮಾಡುವವಳೇ ಅವಳು. ಐಡಹೊದ ಆ ಚನ್ನಂಗಿ ಬೆಳೆಯುವ ಸೀಮೆಯಲ್ಲಿ ಇದಕ್ಕೊಂದು ರೂಢಿಯೂ ಇತ್ತು. ಯಾರದಾದರೂ ಮದುವೆ ಮುರಿದರೆ, ಮನೆಯಲ್ಲಿ ಸಾವಾದರೆ, ಕುಡಿತ ಕೈಮೀರಿದರೆ, ನಂಬಿಕಸ್ಥ ಸ್ನೇಹಿತನೊಬ್ಬ ಪಿಕಪ್ ಗಾಡಿ ತಂದು ಬಾಗಿಲ ಮುಂದೆ ನಿಲ್ಲಿಸುತ್ತಾನೆ. ‘ನಿನ್ನ ಬಂದೂಕು ಸ್ವಲ್ಪ ದಿನ ನನ್ನ ಹತ್ರ ಇರಲಿ’ ಎನ್ನುತ್ತಾನೆ. ಮನೆಯವನು ಏಕೆ ಎಂದು ಕೇಳುವುದಿಲ್ಲ, ಬಂದವನು ಹೇಳುವುದೂ ಇಲ್ಲ. ಮತ್ತೆ ಮನುಷ್ಯ ನಗುವುದು ಕಂಡ ದಿನ ಬಂದೂಕುಗಳು ಎಣ್ಣೆ ಹಚ್ಚಿಸಿಕೊಂಡು ಮನೆಗೆ ವಾಪಸಾಗುತ್ತವೆ. ಮರ್ಯಾದೆಯ ಏರ್ಪಾಡು. ಬಾಯಿ ಬಿಡದೆ ಕೆಲಸ ಮುಗಿಸುವುದರಲ್ಲಿ ಆ ಜನ ಎಷ್ಟು ನಿಸ್ಸೀಮರೆಂದರೆ, ಹೆಂಡತಿಗೆ ಪ್ರೀತಿಸುತ್ತೇನೆ ಎಂದು ಹೇಳುವ ಬದಲು ಅವಳ ಕಾರಿನ ಎಂಜಿನ್ ಆಯಿಲ್ ಬದಲಾಯಿಸುತ್ತಾರೆ.

ಆವತ್ತೇ ಮಧ್ಯಾಹ್ನ ಮಾರ್ಲಿಸ್ ಅಣ್ಣನ ಮನೆಗೆ ಹೋದಳು. ಆರಿನ್ ಅವಳ ಮುಖ ನೋಡಿದ, ಅವಳ ಗಾಡಿ ನೋಡಿದ.

“ಸೆಲೆಸ್ಟ್ ಕಳಿಸಿದ್ಲಾ?”

“ಹೂಂ. ಸ್ವಲ್ಪ ದಿನ ನನ್ನ ಹತ್ರ ಇರಲಿ.”

ಅವನು ಉಕ್ಕಿನ ಬೀರು ತೆರೆದ. ಐದಿದ್ದವು. ಕರಿಯದನ್ನು ಅವಳ ಕೈಗಿಡುವಾಗ ಮಾತ್ರ ಅವನ ತುಟಿಯ ಅಂಚು ಒಂಚೂರು ಮೇಲೆದ್ದಿತು. “ನನ್ನ ಮಗಳು ಹೆದರೋದು ಇದಕ್ಕೇ ಅಲ್ವಾ? ವರ್ಷಕ್ಕೆರಡು ಸಲ ಗುರಿ ಅಭ್ಯಾಸದ ಜಾಗಕ್ಕೆ ತಗೊಂಡು ಹೋಗಿ ಡಬ್ಬ ಹೊಡೀತೀನಿ, ಅಷ್ಟೇ.” ಇಬ್ಬರೂ ಸೇರಿ ಎಲ್ಲವನ್ನೂ ಹಿತ್ತಿಲ ಬಾಗಿಲಿನಿಂದ ಹೊರಗೆ ಸಾಗಿಸಿದರು. ಅವನು ಕಾಫಿ ಕುಡಿಯೇ ಎಂದ. ಅವಳು, ಇಲ್ಲ ಕಣೋ, ನಾಳೆ ಬೆಳಿಗ್ಗೆ ಬೇಗ ಎದ್ದು ಶಾಲಾ ಬಸ್ ಓಡಿಸ್ಬೇಕು ಎಂದು ಹೊರಟುಬಿಟ್ಟಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಅಡುಗೆಮನೆಯಲ್ಲಿ ಕೂರಲು ಭಯವಾಗಿತ್ತು. ದಾರಿಯಲ್ಲಿ ಸೆಲೆಸ್ಟ್‌ಗೆ ಫೋನ್ ಮಾಡಿ, “ಮನೇಲಿ ಈಗ ಒಂದೂ ಬಂದೂಕಿಲ್ಲ, ನಿಶ್ಚಿಂತೆಯಾಗಿ ಮಲಗು” ಎಂದಳು. ಆ ರಾತ್ರಿ ತಾನೂ ನಿಶ್ಚಿಂತೆಯಾಗಿ ಮಲಗಿದಳು.

ಅದರ ಮುಂದಿನ ಶನಿವಾರ ರೈತ ಸಂಘದ ಹಾಲ್‌ನಲ್ಲಿ ಬೇಟೆಗಾರರ ಸುರಕ್ಷತೆಯ ತರಗತಿ. ಈ ತರಗತಿಯಲ್ಲಿ ಪಾಸಾಗದೆ ಹೊಸಬರಿಗೆ ಬೇಟೆಯ ಪರವಾನಗಿ ಇಲ್ಲ. ಮಾರ್ಲಿಸ್ ಅದನ್ನು ಮೂವತ್ತೊಂದು ವರ್ಷದಿಂದ ಪುಕ್ಕಟೆಯಾಗಿ ಕಲಿಸುತ್ತಿದ್ದಳು. ಅವಳ ಕೈಯಲ್ಲಿ ಕಲಿತವರು ಯಾರೂ ಯಾರಿಗೂ ಗುಂಡು ತಾಗಿಸಿರಲಿಲ್ಲ, ಆ ಹೆಮ್ಮೆ ಅವಳಿಗೆ ಸಾಕಷ್ಟಿತ್ತು. ಅವಳ ಜೊತೆ ಕಲಿಸಲು ಲೈಲ್ ಪೆಡರ್ಸನ್ ಇದ್ದ, ಕಾಫಿ ಮಾಡಲು ಅವನ ಹೆಂಡತಿ ವರ್ನಾ ಇದ್ದಳು.

ಎಂದಿನಂತೆ ಮೇಜಿನ ಮೇಲೆ ಎರಡು ಖಾಲಿ ರೈಫಲ್ ಇಟ್ಟಳು. ಒಂದು ಕಪ್ಪು, ಪ್ಲಾಸ್ಟಿಕ್ ಹಿಡಿಯದು. ಇನ್ನೊಂದು ವಾಲ್‌ನಟ್ ಮರದ ಹಿಡಿಯದು, ಅಜ್ಜನ ಊರುಗೋಲಿನಷ್ಟು ಸಾಧು ರೂಪ.

“ಯಾವುದು ಜಾಸ್ತಿ ಅಪಾಯ?”

ಮುಂದಿನ ಸಾಲಿನಲ್ಲಿದ್ದ ಗ್ವೆನ್ ಆಬರ್‌ನೇಥಿ ತಕ್ಷಣ ಕರಿಯದರ ಕಡೆ ಬೆರಳು ತೋರಿದಳು. ಅವಳು ನಿವೃತ್ತ ನರ್ಸ್, ಕಳೆದ ವರ್ಷ ಕ್ಯಾಲಿಫೋರ್ನಿಯಾದಿಂದ ಬಂದು ಮೇಕೆ ಸಾಕಿಕೊಂಡಿದ್ದಳು. “ಅದನ್ನ ಜನ ಮನೇಲಿ ಇಟ್ಕೊಳ್ಳೋದಾದ್ರೂ ಯಾಕೆ? ಅದು ಮೆಷಿನ್ ಗನ್ ಅಲ್ವಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಅಲ್ಲಮ್ಮ,” ಎಂದಳು ಮಾರ್ಲಿಸ್. ಈ ಭಾಗ ಹೇಳುವುದೆಂದರೆ ಅವಳಿಗೆ ಹಬ್ಬ. “ಎರಡೂ ಸೆಮಿ ಆಟೊಮ್ಯಾಟಿಕ್. ಎರಡಕ್ಕೂ ಒಂದೇ ತರದ ಗುಂಡು. ಒಂದು ಸಲ ಟ್ರಿಗರ್ ಎಳೆದ್ರೆ ಒಂದು ಹೊಡೆಯತ್ತೆ, ಮುಂದಿನದ್ದು ತಾನಾಗೇ ಬಂದು ಕೂರತ್ತೆ. ಅದನ್ನ ಹೊಡೀಬೇಕಾದ್ರೆ ಮತ್ತೆ ಎಳೀಬೇಕು. ಬಟ್ಟೆ ಬೇರೆ, ಒಳಗಿನ ಆಸಾಮಿ ಒಂದೇ. ರೂಪ ನೋಡಿ ಹೆದರಬಾರದು.”

ಗ್ವೆನ್‌ಳ ಕಿವಿ ಕೆಂಪಾಯಿತು. ಆದರೆ ಅವಳೇನು ಬಾಯಿ ಮುಚ್ಚಿಕೊಂಡು ಕೂರುವ ಹೆಂಗಸಲ್ಲ. “ಸರಿ, ನಂಗೆ ಗೊತ್ತಿಲ್ಲ, ಒಪ್ಕೋತೀನಿ. ನಿಮಗೆಲ್ಲ ಗೊತ್ತಲ್ಲ? ಹಾಗಾದ್ರೆ ಹೇಳಿ, ನಿಮ್ಮನೇಲಿ ಎಷ್ಟಿವೆ?”

ಆ ಸೀಮೆಯಲ್ಲಿ ಇದು ಗಂಡಸನ್ನು ಕೇಳುವ ಪ್ರಶ್ನೆಯಲ್ಲ. ಆದರೂ ಲೈಲ್ ಉದಾರಿಯಾದ. “ನಮ್ಮನೇಲಾ? ಏಳು.”

ಕಾಫಿ ಪಾತ್ರೆಯ ಹತ್ತಿರದಿಂದ ವರ್ನಾ ಕೂಗಿದಳು. “ಎಂಟು ಕಣ್ರೀ! ಹಿತ್ತಿಲ ಬಾಗಿಲ ಮೂಲೇಲಿ ಇರೋದೇನು, ಪೊರಕೇನಾ?”

“ಅದು ಬಂದೂಕಲ್ಲ ಮಾರಾಯ್ತಿ, ಅದು ಅಳಿಲಿಗೆ!”

ಇಡೀ ಹಾಲ್ ನಕ್ಕಿತು. ಎಲ್ಲರ ಮನೆಯಲ್ಲೂ ಅಂಥದ್ದೊಂದು ಇತ್ತು. ಬಿಲದಲ್ಲಿದ್ದು ಬೆಳೆ ತಿನ್ನುವ ನೆಲದ ಅಳಿಲುಗಳನ್ನು ಹೊಡೆಯಲು ಹಿತ್ತಿಲ ಬಾಗಿಲ ಮೂಲೆಯಲ್ಲಿ ಒರಗಿಸಿಟ್ಟ ಪುಟ್ಟ ರೈಫಲ್, ಸಲಿಕೆ ಮತ್ತು ಗಂಬೂಟುಗಳ ನಡುವೆ. ಮಾರ್ಲಿಸ್ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತಿದ್ದ ಹಾಗೆಯೇ ಅವಳ ಬಲಗೈಗೆ ಏನೋ ನೆನಪಾಯಿತು. ತಲೆಗಿಂತ ಮೊದಲು ಕೈಗೆ.

ಭಾನುವಾರ ಆರಿನ್‌ನ ಹಿತ್ತಿಲ ಬಾಗಿಲು ಪೂರ್ತಿ ತೆರೆದಿರಲಿಲ್ಲ. ಮೂಲೆಯಲ್ಲಿದ್ದ ಏನೋ ಅಡ್ಡ ಬರುತ್ತಿತ್ತು. ಎಡ ತೋಳಿನಲ್ಲಿ ಎರಡು ರೈಫಲ್ ಅವುಚಿಕೊಂಡು, ಬಲಗೈಯಿಂದ ಅದನ್ನು ಎತ್ತಿ ಸಲಿಕೆಯ ಪಕ್ಕಕ್ಕೆ ಇಟ್ಟವಳು ಅವಳೇ. ಅದೂ ಸೆಮಿ ಆಟೊಮ್ಯಾಟಿಕ್, ಹತ್ತು ಗುಂಡಿನದು. ಅದನ್ನು ಪಕ್ಕಕ್ಕೆ ಸರಿಸಿ, ಐದನ್ನು ಗಾಡಿಗೆ ತುಂಬಿ, ಮನೆಯಲ್ಲಿ ಒಂದೂ ಬಂದೂಕಿಲ್ಲವೆಂದು ಫೋನ್ ಮಾಡಿದ್ದಳು. ಪಟ್ಟಣದ ಜನಕ್ಕೆ ರೂಪ ನೋಡಿ ಭಯ. ತನಗೆ ರೂಪ ನೋಡಿ ಧೈರ್ಯ. ಮೂವತ್ತೊಂದು ವರ್ಷ ಕಲಿಸಿದ್ದು ಇದನ್ನೇನಾ ಎಂದುಕೊಳ್ಳುತ್ತಲೇ ಗಾಡಿಯ ಕೀಲಿಗೆ ಕೈಹಾಕಿದಳು.

“ಲೈಲ್, ನೀನು ನೋಡ್ಕೋ.”

“ಎಲ್ಲಿಗೆ? ಇನ್ನೂ ಅರ್ಧ ಪಾಠ ಇದೆ.”

ಅವಳು ಆಗಲೇ ಬಾಗಿಲಲ್ಲಿದ್ದಳು.

ಆರಿನ್‌ನ ಮನೆಗೆ ಹನ್ನೊಂದು ಮೈಲಿ, ಕೊನೆಯ ನಾಲ್ಕು ಜಲ್ಲಿ ರಸ್ತೆ. ಮೂರು ಸಲ ಫೋನ್ ಮಾಡಿದಳು. ಮೂರು ಸಲವೂ, ಫೋನಿನಲ್ಲಿ ಹಿಂದೆಂದೋ ಮುದ್ರಿಸಿಟ್ಟಿದ್ದ ಸತ್ತ ಆರ್ಡಿಸ್‌ಳ ದನಿಯೇ, ನಾವು ಮನೆಯಲ್ಲಿಲ್ಲ, ಸಂದೇಶ ಬಿಡಿ ಎಂದಿತು. ಮಾರ್ಲಿಸ್ ಸ್ಟಿಯರಿಂಗ್ ಹಿಡಿದು ದೇವರಿಗೆ ಏನೇನೋ ಒಪ್ಪಿಸುತ್ತಾ ಹೋದಳು. ಬೈಗುಳವೂ ಅದರಲ್ಲಿ ಸೇರಿತ್ತು.

ಹಿತ್ತಿಲ ಬಾಗಿಲ ಮೂಲೆಯಲ್ಲಿ ಸಲಿಕೆ ಇತ್ತು. ಗಂಬೂಟು ಇತ್ತು. ಅಷ್ಟೇ ಇದ್ದದ್ದು.

“ಆರಿನ್!”

ಯಂತ್ರಗಳ ಶೆಡ್ಡಿನ ಹಿಂದಕ್ಕೆ ಓಡಿದಳು. ಅರವತ್ತೊಂದರ ಮೊಣಕಾಲು ಓಡಿದಷ್ಟು ಓಡಿದಳು. ಅಲ್ಲಿ, ಚನ್ನಂಗಿ ಹೊಲದ ಅಂಚಿನಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಅವನು ಕೂತಿದ್ದ. ತೊಡೆಯ ಮೇಲೆ ಆ ಪುಟ್ಟ ರೈಫಲ್. ನಾಲ್ಕು ಮಾರು ದೂರದಲ್ಲಿ ಮೂರು ಅಳಿಲುಗಳು ಹಿಂಗಾಲ ಮೇಲೆ ನಿಂತು ಅವನನ್ನೇ ನೋಡುತ್ತಿದ್ದವು. ಅವಳ ಹೆಜ್ಜೆ ಕೇಳಿ ಬಿಲಕ್ಕೆ ನುಗ್ಗಿದವು.

“ಏನು ಮಾಡ್ತಿದ್ದೀಯೋ?” ಏದುಸಿರಿನಲ್ಲಿ ಕೇಳಿದಳು.

“ಅಳಿಲು.”

“ಎಷ್ಟು ಹೊಡೆದೆ?”

“ಒಂದೂ ಇಲ್ಲ.” ಮತ್ತೆ ಅವಳ ಕಡೆ ತಿರುಗಿದ. “ಇವತ್ತು ನಿನ್ನ ಕ್ಲಾಸಲ್ವಾ?”

“ಬಿಟ್ಟು ಬಂದೆ.”

“ನೀನು ಕ್ಲಾಸ್ ಬಿಟ್ಟು ಬಂದ್ಯಾ?”

“ಅದನ್ನ ಕೊಡು ಆರಿನ್.”

ಅವನು ರೈಫಲ್‌ಗೆ ಸಿಕ್ಕಿಸಿದ್ದ ಗುಂಡಿನ ಡಬ್ಬಿ ಕಳಚಿ ಜೇಬಿಗೆ ಹಾಕಿಕೊಂಡು, ತಗೋ ಎಂದು ರೈಫಲ್ ಚಾಚಿದ. ಡಬ್ಬಿ ತೆಗೆದರೆ ಖಾಲಿ ಎಂದು ನಂಬಿ ಎಷ್ಟು ಜನ ಕೆಟ್ಟಿದ್ದಾರೆಂದು ಅವಳಿಗೆ ಗೊತ್ತಿತ್ತು. ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆಳೆದಳು. ಒಳಗೆ ಉಳಿದಿದ್ದ ಒಂದು ಗುಂಡು ಹೊರಗೆ ಚಿಮ್ಮಿ ಹುಲ್ಲಿನ ಮೇಲೆ ಬಿತ್ತು. ಅಣ್ಣ ತಂಗಿ ಇಬ್ಬರೂ ಅದನ್ನು ನೋಡಿದರು.

“ಭಾನುವಾರ ಇದನ್ನ ನೀನೇ ಪಕ್ಕಕ್ಕೆ ಇಟ್ಟೆ,” ಎಂದ ಆರಿನ್. ದೂರುವ ದನಿಯಲ್ಲ, ಹವೆಯ ಬಗ್ಗೆ ಹೇಳುವ ದನಿ. “ನಾನು ನೋಡ್ತಾನೇ ಇದ್ದೆ. ನಿಂಗೆ ಬಂದೂಕಿನ ವಿಷಯ ಗೊತ್ತಿಲ್ದೆ ಇರತ್ತಾ? ಗೊತ್ತಿದ್ದೇ ಬಿಟ್ಟು ಹೋಗ್ತಿದ್ದಾಳೆ ಅಂದ್ಕೊಂಡೆ.”

ಮಾರ್ಲಿಸ್‌ಗೆ ಅಳು ಒತ್ತರಿಸಿ ಬಂತು. ಇಡೀ ಆರು ದಿನ ಅವನು ಆ ಯೋಚನೆಯ ಜೊತೆ ಒಬ್ಬನೇ ಇದ್ದ.

“ಕಾಣಿಸ್ಲಿಲ್ಲ ಕಣೋ. ಆಣೆ ಮಾಡಿ ಹೇಳ್ತೀನಿ, ಕೈಯಲ್ಲಿ ಹಿಡಿದ್ರೂ ಕಾಣಿಸ್ಲಿಲ್ಲ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.”

“ಹೋಗ್ಲಿ ಬಿಡು. ಅಳಬೇಡ. ನೀನು ಅತ್ತರೆ ನಂಗೆ ಕೈಕಾಲು ಆಡಲ್ಲ.”

“ಅಳ್ತೀನಿ. ಸುಮ್ನಿರು ನೀನು.”

ಅತ್ತು ಮುಗಿಸಿ ತೋಳಿನಿಂದ ಮೂಗು ಒರೆಸಿಕೊಂಡಳು. ಬಾಯಿ ಬಿಡದ ಆ ಮರ್ಯಾದೆಯ ಏರ್ಪಾಡನ್ನು ಮನಸ್ಸಿನಲ್ಲೇ ಶಪಿಸಿದಳು. ಭಾನುವಾರ ಬಂದೂಕು ಕೇಳಲು ಬಂದಿದ್ದಳೇ ಹೊರತು, ಹೇಗಿದ್ದೀಯ ಎಂದು ಅಣ್ಣನನ್ನು ಕೇಳಲು ಅವಳು ಬಂದಿರಲಿಲ್ಲ. ಅವನ ಎದುರು ಮಂಡಿಯೂರಿ ಕೂತಳು.

“ಆರಿನ್, ಸಾಯ್ಬೇಕು ಅಂತ ಅನ್ನಿಸ್ತಿದ್ಯಾ?”

ಹುಟ್ಟಿದಾಗಿನಿಂದ ಅವರಿಬ್ಬರ ನಡುವೆ ಅಂಥ ಪ್ರಶ್ನೆ ಹಾದುಹೋಗಿರಲಿಲ್ಲ. ಅವನು ಟೋಪಿ ತೆಗೆದ. ಅದರ ಒಳಗೆ ಇಣುಕಿದ. ಮತ್ತೆ ಹಾಕಿಕೊಂಡ.

“ಬೆಳಿಗ್ಗೆ ಹೊತ್ತು ಅನ್ನಿಸತ್ತೆ,” ಎಂದ. “ಎದ್ದಾಗಿಂದ. ಮಧ್ಯಾಹ್ನದ ಹೊತ್ತಿಗೆ ಕಮ್ಮಿ ಆಗತ್ತೆ.”

ಅವಳು ಕೈಗಡಿಯಾರ ನೋಡಿದಳು. ಹನ್ನೊಂದೂವರೆ.

“ಹಾಗಾದ್ರೆ ಇನ್ನೂ ಅರ್ಧ ಗಂಟೆ ಇದೆ. ಕೂರ್ತೀನಿ.”

“ನಾಳೆ ಬೆಳಿಗ್ಗೆ?”

“ನಾಳೆ ನೀನು ನಮ್ಮನೇಲಿ ಏಳ್ತೀಯ. ಸೋಮವಾರ ಡಾಕ್ಟರ ಹತ್ರ, ನಾನೂ ಒಳಗೆ ಬರ್ತೀನಿ. ಈಗ ನಂಗೆ ಹೇಳಿದ್ದನ್ನೇ ಸೆಲೆಸ್ಟ್‌ಗೂ ಹೇಳ್ತೀಯ, ನೀನೇ, ನಿನ್ನ ಬಾಯಲ್ಲಿ.”

ಆರಿನ್ ಸರಿ ಎಂದು ತಲೆಯಾಡಿಸಿದ. ಹೊಲದ ಕಡೆ ನೋಡಿದ. ಅಳಿಲುಗಳು ಒಂದೊಂದಾಗಿ ಬಿಲದಿಂದ ತಲೆ ಹೊರಗೆ ಹಾಕಿ, ಬೆರಳುದ್ದ ಬೆಳೆದ ಚನ್ನಂಗಿ ಗಿಡಗಳ ಕಡೆ ಸರಿಯುತ್ತಿದ್ದವು.

“ಮತ್ತೆ ಇವು?” ಎಂದ.

“ತಿನ್ಲಿ ಬಿಡು,” ಎಂದು ಮಾರ್ಲಿಸ್ ಅವನ ಬಕೆಟ್ಟಿನ ಪಕ್ಕದಲ್ಲೇ ನೆಲದ ಮೇಲೆ ಕೂತಳು.